ನೀಲಗಿರಿಯ ದಾರಿಯ ಕಲ್ಲುಗಳು

ನಮ್ಮ ತಾಳವಾಡಿ ಸೀಮೆ ಎರಡು ನಾಡುಗಳ ನಡುವೆ ಎತ್ತರದಲ್ಲಿ ನಿಂತಿರುವ ಬಯಲು. ಬಡಗಲಿಗೆ ಚಾಮರಾಜನಗರ, ತೆಂಕಲಿಗೆ ದಿಂಬದ ಇಪ್ಪತ್ತೇಳು ತಿರುವುಗಳ ಘಟ್ಟ, ಅದರಾಚೆ ಮೋಯಾರಿನ ಆಳವಾದ ಕಣಿವೆ, ಕಣಿವೆಯಾಚೆ ನೀಲಗಿರಿ. ನಮ್ಮ ಶಾಲೆಯಲ್ಲಿ ಕಲಿತವರು ಹಂಪೆಯ ವೈಭವವನ್ನೂ ತಂಜಾವೂರಿನ ಗೋಪುರವನ್ನೂ ಪಠ್ಯಪುಸ್ತಕದಲ್ಲಿ ಓದಿದ್ದಾರೆ. ಆದರೆ ತಾವು ದಿನವೂ ಕಾಣುವ ಬೆಟ್ಟಗಳ ಹಾದಿಯಲ್ಲಿ ಏನಿದೆ ಎಂಬುದನ್ನು ಯಾವ ಪಾಠದಲ್ಲಿಯೂ ಓದಿದವರಲ್ಲ. ಶಾಲೆಗೆ ನೂರು ತುಂಬಿದ ಈ ಹೊತ್ತಿನಲ್ಲಿ ಆ ಹಾದಿಯನ್ನು ಒಮ್ಮೆ ಕ್ರಮವಾಗಿ ನೋಡುವುದು ಉಚಿತವೆಂದು ನಾವು ಭಾವಿಸಿದೆವು.

ಹಾದಿಯ ಮೊದಲ ಕಲ್ಲು ಚಾಮರಾಜನಗರದಲ್ಲಿದೆ. ಅರಿಕುಠಾರವೆಂದು ಹಿಂದೆ ಕರೆಯುತ್ತಿದ್ದ ಆ ಊರಿನ ಪಾರ್ಶ್ವನಾಥ ಬಸದಿಯ ಶಾಸನ ಕ್ರಿ.ಶ. 1117ರದು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಪುಣಿಸನ ಪರಾಕ್ರಮವನ್ನು ಅದು ಬಣ್ಣಿಸುತ್ತದೆ. ಅವನು ತೊದವರನ್ನು ಬೆದರಿಸಿದನು, ಕೊಂಗರನ್ನು ನೆಲದಡಿಗೆ ಅಟ್ಟಿದನು, ನೀಲಾದ್ರಿಯನ್ನು ಹೊಕ್ಕು ಅದರ ಶಿಖರವನ್ನು ಜಯಲಕ್ಷ್ಮಿಗೆ ಒಪ್ಪಿಸಿದನು ಎಂಬುದು ಅದರ ಸಾರಾಂಶ. ನೀಲಗಿರಿಯ ಹೆಸರೂ ಅಲ್ಲಿಯ ತೋಡರ ಹೆಸರೂ ಬರಹದಲ್ಲಿ ಕಾಣುವುದು ಇಲ್ಲಿಯೇ ಮೊದಲೆಂದು ಇತಿಹಾಸಕಾರರು ಗುರುತಿಸಿದ್ದಾರೆ.

ಗಡಿಯಲ್ಲಿರುವ ಕನ್ನಡಿಗರಾದ ನಮಗೆ ಇದನ್ನು ಓದಿದಾಗ ಹೆಮ್ಮೆಯೆನಿಸುವುದು ಸಹಜ. ಆ ಹೆಮ್ಮೆಯಲ್ಲಿ ನಾವು ಒಂದು ಕ್ಷಣ ತಡೆದು ನಿಲ್ಲಬೇಕು. ಬೆಟ್ಟದ ಜನರ ಕುರಿತು ಬರೆದಿಟ್ಟ ಮೊದಲ ಮಾತು ಅವರು ಬೆದರಿದರೆಂಬುದು. ಅದು ಗೆದ್ದವನ ಕಡೆಯ ಮಾತು. ಬೆದರಿದವರು ಏನೆಂದರು ಎಂಬುದನ್ನು ಯಾವ ಕಲ್ಲೂ ಹೇಳುವುದಿಲ್ಲ. ತೋಡರ ನೆನಪು ಉಳಿದಿರುವುದು ಅವರ ಎಮ್ಮೆಗಳ, ಮಂದುಗಳ, ದೇವರ ಹೆಸರುಗಳನ್ನು ಹೆಣೆದ ಹಾಡುಗಳಲ್ಲಿ. ಎಮೆನೋ ಎಂಬ ಭಾಷಾಶಾಸ್ತ್ರಜ್ಞರು 1930ರ ದಶಕದಲ್ಲಿ ಅವುಗಳನ್ನು ಸಂಗ್ರಹಿಸಿ 1971ರಲ್ಲಿ ಪ್ರಕಟಿಸಿದರು. ಶಾಸನವನ್ನೂ ಹಾಡನ್ನೂ ಒಟ್ಟಿಗೆ ಇಟ್ಟುಕೊಂಡಾಗಲೇ ಈ ಬೆಟ್ಟದ ಚರಿತ್ರೆ ಪೂರ್ಣತೆಯತ್ತ ಸಾಗುತ್ತದೆ.

ಎರಡನೆಯ ನಿಲ್ದಾಣ ದಿಂಬದ ಘಟ್ಟವಿಳಿದು, ಬಣ್ಣಾರಿ ದಾಟಿ ಹೋದರೆ ಸಿಗುವ ದಣ್ಣಾಯಕನ ಕೋಟೆ. ಮೋಯಾರೂ ಭವಾನಿಯೂ ಕೂಡುವೆಡೆಯಲ್ಲಿದ್ದ ಈ ಕೋಟೆ ಹೊಯ್ಸಳರ ಕೊನೆಗಾಲದ ದಣ್ಣಾಯಕರ ನೆಲೆ. ಪೆರುಮಾಳೆ ದಣ್ಣಾಯಕ, ಅವನ ಮಗ ಮಾಧವ ದಣ್ಣಾಯಕ ಇವರು ತೆರಕಣಾಂಬಿಯಿಂದ ಇಲ್ಲಿಯವರೆಗಿನ ಸೀಮೆಯನ್ನು ಆಳಿದರು. ನೀಲಗಿರಿಯನ್ನು ವಶಪಡಿಸಿಕೊಂಡವರೆಂಬ ಬಿರುದನ್ನೂ ಧರಿಸಿದರು. ಮೈಸೂರಿನ ಮೇಲ್ನಾಡಿನಿಂದ ಕೊಂಗುನಾಡಿಗೆ ಇಳಿಯುವ ಗಜ್ಜಲಹಟ್ಟಿ ಕಣಿವೆಯ ಬಾಯಲ್ಲಿದ್ದುದರಿಂದ ಕೋಟೆಯ ಮಹತ್ವ ಬಹುಕಾಲ ಉಳಿಯಿತು. 1790ರ ಸೆಪ್ಟೆಂಬರಿನಲ್ಲಿ ಟಿಪ್ಪು ಸುಲ್ತಾನನ ಸೇನೆ ಇದೇ ಕಣಿವೆಯಿಂದ ಇಳಿದು ಸತ್ಯಮಂಗಲದ ಬಳಿ ಕರ್ನಲ್ ಫ್ಲಾಯ್ಡನ ಪಡೆಯನ್ನು ಎದುರಿಸಿತು. ಹತ್ತು ವರ್ಷಗಳ ನಂತರ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಈ ಕೋಟೆಗೆ ಬಂದು ನೀಲಗಿರಿಯ ಇಳಿಜಾರಿನ ಹಳ್ಳಿಗಳವರೆಗೆ ಹತ್ತಿ ತಾನು ಕಂಡದ್ದನ್ನು ಬರೆದಿಟ್ಟನು.

ಇಂದು ಆ ಕೋಟೆಯನ್ನು ಬೇಕೆಂದಾಗ ನೋಡಲಾಗದು. 1948ರಲ್ಲಿ ಆರಂಭವಾಗಿ 1955ರಲ್ಲಿ ಮುಗಿದ ಭವಾನಿಸಾಗರ ಅಣೆಕಟ್ಟಿನ ನೀರಿನಲ್ಲಿ ಕೋಟೆಯೂ ಮಾಧವರಾಯ ಪೆರುಮಾಳ್ ದೇವಾಲಯವೂ ಮುಳುಗಿದವು. ದೇವರ ಮೂರ್ತಿಗಳು ದಡದ ಹೊಸ ಗುಡಿಗೆ ಬಂದವು. ಕಂಬಗಳೂ ಗೋಡೆಗಳೂ ನೀರಿನಡಿಯಲ್ಲೇ ಉಳಿದವು. ಮಳೆ ಕೈಕೊಟ್ಟು ಜಲಾಶಯ ತಳಕಂಡ ವರ್ಷ ಮಾತ್ರ ಕೆಸರಿನ ನಡುವೆ ದೇವಾಲಯ ತಲೆಯೆತ್ತುತ್ತದೆ. ರೈತರಿಗೆ ಸಂಕಟದ ಕಾಲವೇ ಚರಿತ್ರೆಯ ಆಸಕ್ತರಿಗೆ ದರ್ಶನದ ಕಾಲವಾಗುವ ಈ ವಿಪರ್ಯಾಸವನ್ನು ನಾವು ಹಗುರವಾಗಿ ಕಾಣಲಾರೆವು. ಆ ನೀರು ಕೆಳನಾಡಿನ ಗದ್ದೆಗಳಿಗೆ ಅನ್ನವಾಗಿದೆ. ಆ ಅನ್ನಕ್ಕೆ ತೆತ್ತ ಬೆಲೆಯಲ್ಲಿ ಈ ಕಲ್ಲುಗಳೂ ಸೇರಿವೆ.

ನದಿಯನ್ನು ದಾಟಿ ನೀಲಗಿರಿಯನ್ನು ಏರಿದರೆ ಇನ್ನೂ ಮೂರು ಕೋಟೆಗಳ ಕುರುಹುಗಳಿವೆ: ಕುನ್ನೂರಿನ ಬಳಿಯ ಹುಲಿಕಲ್ಲು ದುರ್ಗ, ಕಲ್ಲಹಟ್ಟಿಯ ಬಳಿಯ ಮಲೆಕೋಟೆ, ಕೋಟಗಿರಿ ಕಡೆಯ ಉದಯರಾಯನ ಕೋಟೆ. ಹೆಸರುಗಳು ನಮ್ಮ ಕಿವಿಗೆ ಅಪರಿಚಿತವಲ್ಲ. ಇವುಗಳಲ್ಲಿ ಉಳಿದಿರುವುದು ಹೆಚ್ಚಾಗಿ ಪೊದೆ ಬೆಳೆದ ಗೋಡೆಸಾಲುಗಳು. ಬೆಟ್ಟದ ಬಡಗರು ತಮ್ಮ ಹಿರಿಯರು ಮೈಸೂರು ಸೀಮೆಯಿಂದ ಬಂದವರೆಂದು ಹೇಳುತ್ತಾರೆ. ಬಡಗಲಿಂದ ಬಂದವರೆಂಬ ಅರ್ಥ ಅವರ ಹೆಸರಿನಲ್ಲೇ ಇದೆ. ಅವರ ನುಡಿ ಕನ್ನಡಕ್ಕೆ ಅತಿ ಹತ್ತಿರದ್ದು.

ಈ ಎಲ್ಲ ಕೋಟೆಗಳಿಗಿಂತ ಹಳೆಯವು ಬೆಟ್ಟದ ನೆತ್ತಿಗಳ ಮೇಲಿನ ಕಲ್ಲಿನ ಗೋರಿಗಳು. ನೀಲಗಿರಿಯ ಮೊದಲ ಕಮಿಷನರ್ ಆಗಿದ್ದ ಜೇಮ್ಸ್ ವಿಲ್ಕಿನ್ಸನ್ ಬ್ರೀಕ್ಸ್ ಇವುಗಳಲ್ಲಿ ಹಲವನ್ನು ಅಗೆಸಿದನು. ಅವನು 1872ರಲ್ಲಿ ತೀರಿಕೊಂಡ ಮೇಲೆ, 1873ರಲ್ಲಿ, ಅವನ ಪುಸ್ತಕ ಪ್ರಕಟವಾಯಿತು. ಎಮ್ಮೆಯ, ಕುದುರೆ ಸವಾರನ ಗೊಂಬೆಗಳನ್ನು ಮುಚ್ಚಳದ ಮೇಲೆ ಕೂರಿಸಿದ ಮಡಕೆಗಳು, ಕಂಚಿನ ಬಟ್ಟಲುಗಳು, ಚಿನ್ನದ ಒಡವೆಗಳು ಆ ಗೋರಿಗಳಿಂದ ಹೊರಬಂದು ಮದರಾಸಿನ ಮತ್ತು ಲಂಡನ್ನಿನ ಸಂಗ್ರಹಾಲಯಗಳನ್ನು ಸೇರಿದವು. ಇವುಗಳನ್ನು ಕಟ್ಟಿದವರ ನುಡಿ ಯಾವುದು ಎನ್ನುವುದಕ್ಕೆ ಗೋರಿಗಳಲ್ಲಿ ಒಂದು ಅಕ್ಷರವೂ ಸಿಕ್ಕಿಲ್ಲ. ಕನ್ನಡಕ್ಕೂ ತಮಿಳಿಗೂ ಬರಹ ಒದಗುವ ಮೊದಲೇ ಇಲ್ಲೆಲ್ಲ ಜನರಿದ್ದರು. ಸತ್ತವರನ್ನು ಗೌರವದಿಂದ ಕಳುಹಿಸಿಕೊಡುತ್ತಿದ್ದರು.

ಈ ಹಾದಿಯನ್ನು ನೋಡಿದ ಮೇಲೆ ನಮಗೆ ಮನವರಿಕೆಯಾದ ಸಂಗತಿ ಇದು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು. ತಾಳವಾಡಿ ಮದರಾಸು ರಾಜ್ಯದಲ್ಲಿ ಉಳಿಯಿತು. ಆ ಗೆರೆಗೆ ಇನ್ನೂ ನೂರು ವರ್ಷ ತುಂಬಿಲ್ಲ. ಪುಣಿಸನ ಶಾಸನ ಒಂಬತ್ತು ಶತಮಾನ ದಾಟಿದೆ. ಹಾಗೆಂದು ಶಾಸನವನ್ನು ನೆಲದ ಹಕ್ಕುಪತ್ರದಂತೆ ಎತ್ತಿ ಹಿಡಿಯುವುದು ಸರಿಯಲ್ಲ. ಹಳಮೆಯೇ ಹಕ್ಕಾದರೆ ಅಕ್ಷರವಿಲ್ಲದ ಆ ಗೋರಿಗಳ ಹಕ್ಕು ಎಲ್ಲಕ್ಕಿಂತ ದೊಡ್ಡದು. ಈ ಕಲ್ಲುಗಳು ನಮಗೆ ಹೇಳುವುದು ಕನ್ನಡ ಇಲ್ಲಿ ಬಾಳಿತು, ಇತರ ನುಡಿಗಳ ಜೊತೆಯಲ್ಲಿ ಬಾಳಿತು ಎಂಬುದನ್ನು. ನಮ್ಮ ಮಕ್ಕಳು ಕನ್ನಡದಲ್ಲಿ ಕಲಿಯುವುದಕ್ಕೆ ಅಷ್ಟು ಆಧಾರ ಸಾಕು.

ಮುಂದಿನ ಕೆಲಸ ನಮ್ಮ ವಿದ್ಯಾರ್ಥಿಗಳದು. ಹೊಲದ ಬದುವಿನಲ್ಲಿ ಮಾಸ್ತಿಕಲ್ಲೋ ವೀರಗಲ್ಲೋ ಕಂಡರೆ ಅದನ್ನು ಕೀಳದಿರಿ, ಅದರ ಮೇಲೆ ಬಣ್ಣ ಬಳಿಯದಿರಿ. ನಿಧಿಯ ಆಸೆಗೆ ಅಗೆಯುವವರನ್ನು ಕಂಡರೆ ಊರಿನ ಹಿರಿಯರಿಗೆ ತಿಳಿಸಿ. ಕಲ್ಲಿನ ಅಳತೆಯನ್ನೂ ಇರುವ ಜಾಗವನ್ನೂ ಅದರ ಬಗ್ಗೆ ಜನ ಹೇಳುವ ಕಥೆಯನ್ನೂ ಬರೆದಿಡಿ. ಕಾಡಿನೊಳಗಿನ ಜಾಗಗಳಿಗೆ ಅನುಮತಿಯಿಲ್ಲದೆ ಹೋಗಬೇಡಿ. ಸೋಲಿಗರ, ಊರಾಳಿಯರ, ಇರುಳರ ಅಜ್ಜ ಅಜ್ಜಿಯರನ್ನು ಕೇಳಿ. ಶಾಸನದಲ್ಲಿ ಬಾರದ ಹೆಸರುಗಳು ಅವರಲ್ಲಿವೆ. ಶಾಲೆಯಲ್ಲಿ ಇದಕ್ಕೆಂದೇ ಒಂದು ಪುಸ್ತಕವನ್ನು ತೆರೆದಿಟ್ಟು ವರ್ಷ ವರ್ಷವೂ ತುಂಬುತ್ತ ಹೋದರೆ, ಮುಂದಿನ ನೂರರ ಸಂಚಿಕೆಯನ್ನು ಬರೆಯುವವರಿಗೆ ನಮಗಿಂತ ಹೆಚ್ಚು ತಿಳಿದಿರುತ್ತದೆ.