ಹೆಡ್‌ಲೈಟ್ ಬಲ್ಬ್ ಬದಲಿಸುವ ಮುನ್ನ: ಯಾವುದು ಹಾಕಬೇಕು, ಯಾವುದಕ್ಕೆ ದಂಡ ಬೀಳುತ್ತದೆ?

ಕಲಬುರಗಿ: ಕಬ್ಬು ನುರಿಸುವ ಹಂಗಾಮು ಶುರುವಾದರೆ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ರಸ್ತೆಯಲ್ಲಿ ರಾತ್ರಿ ಗಾಡಿ ಓಡಿಸುವುದು ಸಣ್ಣ ಮಾತಲ್ಲ. ಭೂಸನೂರ, ಹವಳಗಾ, ಮಳ್ಳಿ ಕಡೆಯ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್‌ಗಳು ಸಾಲುಗಟ್ಟಿ ಹೋಗುತ್ತವೆ. ಹಲವು ಟ್ರಾಲಿಗಳ ಹಿಂದೆ ಕೆಂಪು ದೀಪವೂ ಇರುವುದಿಲ್ಲ, ರೇಡಿಯಂ ಪಟ್ಟಿಯೂ ಇರುವುದಿಲ್ಲ. ಅದೇ ಹೊತ್ತಿಗೆ ಎದುರಿನಿಂದ ಕಣ್ಣು ಕೋರೈಸುವ ಬಿಳಿ ಲೈಟಿನ ಕಾರು ಬಂದರೆ, ಮುಂದೆ ನಿಂತ ಟ್ರಾಲಿ ಕಾಣುವುದೇ ಇಲ್ಲ.

ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗುತ್ತದೆ. ಎದುರಿನ ಲೈಟಿಗೆ ಕಣ್ಣು ಮಂಜಾಗಿ ಮೂರು ಸೆಕೆಂಡ್ ಏನೂ ಕಾಣದಿದ್ದರೆ 50 ಮೀಟರ್ ದಾರಿ ಕುರುಡಾಗಿ ಹೋದಂತೆ. ಆದ್ದರಿಂದ ಬಲ್ಬ್ ಆಯ್ಕೆ ಎನ್ನುವುದು ಬರೀ ತನ್ನ ಗಾಡಿಯ ವಿಷಯವಲ್ಲ, ಎದುರಿನವನ ಜೀವದ ವಿಷಯವೂ ಹೌದು.

ಬೆಳಕು ಕಮ್ಮಿಯಾದರೆ ಮೊದಲು ನೋಡಬೇಕಾದ್ದು

'ಲೈಟ್ ಬರಾಬರ್ ಬೀಳವಲ್ದು' ಎಂದು ಅಂಗಡಿಗೆ ಹೋದರೆ, 'ಎಲ್‌ಇಡಿ ಹಾಕ್ರಿ, ಹಗಲ್ ಕಂಡಂಗ ಕಾಣ್ತದ' ಎಂಬ ಮಾತು ಸಾಮಾನ್ಯ. ಆದರೆ ಬಹಳ ಸಲ ತಪ್ಪು ಬಲ್ಬಿನದ್ದಾಗಿರುವುದಿಲ್ಲ.

* ಗಾಜು: ಈಗಿನ ಕಾರುಗಳ ಹೆಡ್‌ಲೈಟ್ ಕವರ್ ಪ್ಲಾಸ್ಟಿಕ್‌ನದು. ಬಿಸಿಲಿಗೆ ಹಳದಿಯಾಗಿ ಮಬ್ಬಾಗುತ್ತದೆ. ಪಾಲಿಶ್ ಮಾಡಿಸಿದರೆ ಅರ್ಧ ಸಮಸ್ಯೆ ಹೋಗುತ್ತದೆ. ದೂಳು, ಕೆಸರು ಒರೆಸುವುದು ಅದಕ್ಕಿಂತ ಮೊದಲು.
* ವೈರಿಂಗ್: ಹೋಲ್ಡರ್ ಸುಟ್ಟಿದ್ದರೆ, ಅರ್ಥಿಂಗ್ ಸಡಿಲಾಗಿದ್ದರೆ ಬಲ್ಬಿಗೆ ಪೂರ್ತಿ ಕರೆಂಟ್ ಸಿಗುವುದಿಲ್ಲ. ಹ್ಯಾಲೋಜನ್ ಬಲ್ಬಿನಲ್ಲಿ ವೋಲ್ಟೇಜ್ ಶೇ 10ರಷ್ಟು ಇಳಿದರೆ ಬೆಳಕು ಸುಮಾರು ಶೇ 30ರಷ್ಟು ಇಳಿಯುತ್ತದೆ. ಎಲೆಕ್ಟ್ರಿಷಿಯನ್ ಹತ್ತಿರ ಮೀಟರ್ ಹಿಡಿಸಿ ನೋಡಿದರೆ ಗೊತ್ತಾಗುತ್ತದೆ.
* ರಿಫ್ಲೆಕ್ಟರ್: ಒಳಗಿನ ಬೆಳ್ಳಿ ಬಣ್ಣ ಕಪ್ಪಾಗಿದ್ದರೆ ಯಾವ ಬಲ್ಬ್ ಹಾಕಿದರೂ ಉಪಯೋಗವಿಲ್ಲ. ಪೂರ್ತಿ ಹೆಡ್‌ಲೈಟ್ ಬದಲಿಸಬೇಕು.

ಯಾವ ಗಾಡಿಗೆ ಯಾವ ಬಲ್ಬ್?

ಹಳೆ ಬಲ್ಬಿನ ತಳದಲ್ಲೇ ಅದರ ಜಾತಿ, ವೋಲ್ಟ್, ವ್ಯಾಟ್ ಬರೆದಿರುತ್ತದೆ. ಗಾಡಿಯ ಜತೆ ಬಂದ ಪುಸ್ತಕದಲ್ಲೂ ಇರುತ್ತದೆ. ಅಂಗಡಿಗೆ ಹಳೆ ಬಲ್ಬ್ ಒಯ್ಯುವುದೇ ಒಳ್ಳೆಯದು.

* ಎಚ್4: ಮೂರು ಪಿನ್ನಿನದು, ಹೈ-ಲೋ ಎರಡೂ ಒಂದೇ ಬಲ್ಬಿನಲ್ಲಿ. ಕಾರು, ಜೀಪುಗಳಲ್ಲಿ ಹೆಚ್ಚು. 12 ವೋಲ್ಟ್, 60/55 ವ್ಯಾಟ್.
* ಎಚ್7, ಎಚ್11: ಒಂದೇ ಬೀಮ್‌ನದು, 55 ವ್ಯಾಟ್.
* ಎಚ್ಎಸ್1: ಬಹಳಷ್ಟು ಬೈಕ್, ಸ್ಕೂಟರ್‌ಗಳಿಗೆ, 35/35 ವ್ಯಾಟ್.
* ಲಾರಿ, ಬಸ್ಸು: 24 ವೋಲ್ಟ್, ಎಚ್4 ಆದರೆ 75/70 ವ್ಯಾಟ್. 12 ವೋಲ್ಟಿನ ಬಲ್ಬ್ ಇದಕ್ಕೆ ಹಾಕಿದರೆ ಕೂಡಲೇ ಸುಟ್ಟುಹೋಗುತ್ತದೆ.

ಬಲ್ಬಿನ ಮೇಲೆ ವೃತ್ತದೊಳಗೆ 'ಇ' ಅಕ್ಷರ ಮತ್ತು ಒಂದು ಅಂಕಿ ಇದ್ದರೆ ಅದು ಅಂತರರಾಷ್ಟ್ರೀಯ ಮಾನದಂಡಕ್ಕೆ ಒಪ್ಪಿಗೆ ಪಡೆದದ್ದು ಎಂದರ್ಥ. ಹೆಚ್ಚು ಬೆಳಕು ಬೇಕಾದರೆ ಅದೇ ವ್ಯಾಟಿನಲ್ಲಿ ಹೆಚ್ಚು ಪ್ರಖರವಾಗಿ ಉರಿಯುವ ಹ್ಯಾಲೋಜನ್ ಬಲ್ಬುಗಳು ಸಿಗುತ್ತವೆ, ಆದರೆ ಅವುಗಳ ಆಯುಷ್ಯ ಕಮ್ಮಿ. ನೀಲಿ ಲೇಪನದ ಬಲ್ಬ್ ನೋಡಲು ಚಂದ, ಆದರೆ ಆ ಲೇಪನವೇ ಒಂದಿಷ್ಟು ಬೆಳಕನ್ನು ನುಂಗುತ್ತದೆ.

100/90 ವ್ಯಾಟ್ ಬಲ್ಬ್ ಯಾಕೆ ಬೇಡ?

60 ವ್ಯಾಟಿನ ಎರಡು ಬಲ್ಬ್ ಸುಮಾರು 10 ಆಂಪಿಯರ್ ಎಳೆಯುತ್ತವೆ. 100 ವ್ಯಾಟಿನವು 16 ಆಂಪಿಯರ್ ದಾಟುತ್ತವೆ. ಕಂಪನಿಯ ವೈರ್, ಸ್ವಿಚ್ ಅಷ್ಟಕ್ಕೆ ಮಾಡಿದ್ದಲ್ಲ. ಹೋಲ್ಡರ್ ಕರಗುತ್ತದೆ, ರಿಫ್ಲೆಕ್ಟರ್ ಕಪ್ಪಾಗುತ್ತದೆ, ಶಾರ್ಟ್ ಸರ್ಕ್ಯೂಟ್ ಆಗುವ ಭಯವೂ ಇದೆ. ರಿಲೇ ಹಾಕಿಸಿದರೆ ವೈರ್ ಉಳಿಯಬಹುದು, ಎದುರಿನವರ ಕಣ್ಣು ಉಳಿಯುವುದಿಲ್ಲ.

ಎಲ್‌ಇಡಿ ಬಲ್ಬಿನ ತೊಂದರೆ ಎಲ್ಲಿದೆ?

ಎಚ್4 ಬಲ್ಬಿನಲ್ಲಿ ಲೋ ಬೀಮ್ ತಂತಿಯ ಕೆಳಗೆ ಸಣ್ಣ ಲೋಹದ ಬಟ್ಟಲಿನಂಥ ಮರೆ ಇರುತ್ತದೆ. ಅದು ಬೆಳಕು ರಿಫ್ಲೆಕ್ಟರ್‌ನ ಕೆಳಭಾಗಕ್ಕೆ ಬೀಳದಂತೆ ತಡೆಯುತ್ತದೆ. ಹಾಗಾಗಿ ಬೆಳಕು ಮೇಲೆ ಹಾರದೆ ರಸ್ತೆ ಮೇಲೆ ಬೀಳುತ್ತದೆ. ತಂತಿ ಎಲ್ಲಿರಬೇಕು ಎಂಬ ಲೆಕ್ಕದ ಮೇಲೆಯೇ ಇಡೀ ರಿಫ್ಲೆಕ್ಟರ್ ತಯಾರಾಗಿರುತ್ತದೆ. ಎಲ್‌ಇಡಿ ಬಲ್ಬಿನಲ್ಲಿ ಚಿಪ್‌ಗಳು ಎರಡು ಮಗ್ಗುಲಲ್ಲಿ ಇರುತ್ತವೆ. ಆಕಾರ, ಜಾಗ ಕೊಂಚ ವ್ಯತ್ಯಾಸವಾದರೂ ಬೆಳಕು ಎಲ್ಲೆಂದರಲ್ಲಿ ಚೆಲ್ಲುತ್ತದೆ. ಗಾಡಿಯ ಮುಂದೆಯೇ ಪ್ರಖರವಾಗಿ ಕಾಣುವುದರಿಂದ ಚಾಲಕನಿಗೆ 'ಚಲೋ ಅದ' ಅನಿಸುತ್ತದೆ, ದೂರದ ರಸ್ತೆ ಮಾತ್ರ ಮೊದಲಿಗಿಂತ ಕಮ್ಮಿ ಕಾಣಬಹುದು. ಮಳೆ, ಮಂಜು, ದೂಳಿನಲ್ಲಿ ಈ ಬಿಳಿ ಬೆಳಕು ಮುಂದೆ ಪರದೆ ಕಟ್ಟಿದಂತೆ ಮರಳಿ ಕಣ್ಣಿಗೇ ಹೊಡೆಯುತ್ತದೆ.

ಕಂಪನಿಯಿಂದಲೇ ಎಲ್‌ಇಡಿ ಹೆಡ್‌ಲೈಟ್ ಇರುವ ಗಾಡಿಗೆ ಈ ಮಾತು ಅನ್ವಯಿಸುವುದಿಲ್ಲ. ಅಲ್ಲಿ ಇಡೀ ಲೈಟ್ ಎಲ್‌ಇಡಿಗಾಗಿಯೇ ವಿನ್ಯಾಸವಾಗಿ, ಪರೀಕ್ಷೆಯಾಗಿ ಬಂದಿರುತ್ತದೆ.

ಕಾನೂನು ಏನು ಹೇಳುತ್ತದೆ?

ಕೇಂದ್ರ ಮೋಟಾರು ವಾಹನ ನಿಯಮಗಳು, 1989 ದೇಶಕ್ಕೆಲ್ಲ ಒಂದೇ. ಆಳಂದದಿಂದ ಉಮರ್ಗಾಕ್ಕೆ, ಅಫಜಲಪುರದಿಂದ ಅಕ್ಕಲಕೋಟೆಗೆ ಹೋಗುವವರಿಗೆ ಗಡಿ ದಾಟಿದ ಮೇಲೂ ಇವೇ ನಿಯಮ.

* ನಿಯಮ 105: ಸೂರ್ಯ ಮುಳುಗಿ ಅರ್ಧ ತಾಸಾದ ಮೇಲಿಂದ, ಸೂರ್ಯ ಹುಟ್ಟುವ ಅರ್ಧ ತಾಸು ಮೊದಲಿನವರೆಗೆ ದೀಪ ಕಡ್ಡಾಯ. 155 ಮೀಟರ್ ಮುಂದಿನ ಜನ, ಗಾಡಿ ಕಾಣದಷ್ಟು ಬೆಳಕು ಕಮ್ಮಿ ಇದ್ದರೆ ಹಗಲಲ್ಲೂ ಹಾಕಬೇಕು. ಹಿಂದಿನ ಕೆಂಪು ದೀಪ 155 ಮೀಟರ್ ದೂರದಿಂದ ಕಾಣಬೇಕು.
* ನಿಯಮ 106: ಮುಂದಿನ ದೀಪದ ಬೆಳಕು ಕೆಳಕ್ಕೆ ಬಾಗಿರಬೇಕು. 8 ಮೀಟರ್ ದೂರದಲ್ಲಿ, ದೀಪದಿಂದ ಅರ್ಧ ಮೀಟರ್ ಬಲಕ್ಕೆ, 1.5 ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಅದು ಕೋರೈಸಬಾರದು.
* ನಿಯಮ 108: ಮುಂದೆ ಕೆಂಪು, ಹಿಂದೆ ಬಿಳಿ ಬೆಳಕು ತೋರಿಸುವಂತಿಲ್ಲ. ರಿವರ್ಸ್ ಲೈಟ್, ನಂಬರ್ ಪ್ಲೇಟ್ ದೀಪಕ್ಕೆ ವಿನಾಯಿತಿ ಇದೆ. ಹೊಲದಲ್ಲಿ ಬಳಸುವ ಟ್ರ್ಯಾಕ್ಟರಿನ ಹಿಂದಿನ ಬಿಳಿ ಲೈಟನ್ನು ರಸ್ತೆಗೆ ಬಂದ ಕೂಡಲೇ ಆರಿಸಬೇಕು.
* ನಿಯಮ 111: ಸ್ಪಾಟ್ ಲೈಟ್, ಸರ್ಚ್ ಲೈಟ್ ಹಾಕಲು ಆರ್‌ಟಿಒ ಅನುಮತಿ ಬೇಕು, ಅದೂ ವಿಶೇಷ ಸಂದರ್ಭದಲ್ಲಿ ಮಾತ್ರ.

2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 177ರಡಿ ಮೊದಲ ಸಲ 500 ರೂ.ವರೆಗೆ, ಮತ್ತೆ ಸಿಕ್ಕರೆ 1,500 ರೂ.ವರೆಗೆ ದಂಡವಿದೆ. ಅನುಮತಿ ಇಲ್ಲದ ಬಿಡಿಭಾಗ ಕೂರಿಸಿ ಗಾಡಿ ಮಾರ್ಪಡಿಸಿದ ಮಾಲೀಕನಿಗೆ ಸೆಕ್ಷನ್ 182ಎ ಅಡಿ ಆರು ತಿಂಗಳವರೆಗೆ ಜೈಲು ಅಥವಾ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ, ಇಲ್ಲವೇ ಎರಡೂ ವಿಧಿಸಬಹುದು. ಗಾಡಿ ಕಂಪನಿಯ ಮೂಲ ವಿವರಕ್ಕೆ ಭಿನ್ನವಾಗುವಂತೆ ಬದಲಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ.

ರಾಜ್ಯದಲ್ಲಿ ಕಣ್ಣು ಕುಕ್ಕುವ ಎಲ್‌ಇಡಿ ಲೈಟ್‌ಗಳ ವಿರುದ್ಧ 2024ರ ಜುಲೈನಿಂದ ಪ್ರಕರಣ ದಾಖಲಿಸಲು ಆಗಿನ ಸಂಚಾರ ಮತ್ತು ರಸ್ತೆ ಸುರಕ್ಷತೆ ವಿಭಾಗದ ಎಡಿಜಿಪಿ ಅಲೋಕ್ ಕುಮಾರ್ ಎಲ್ಲ ಜಿಲ್ಲೆಗಳ ಪೊಲೀಸರಿಗೆ ಸೂಚಿಸಿದ್ದರು.

ಬಲ್ಬ್ ಹಾಕುವಾಗ

ಎಂಜಿನ್, ಲೈಟ್ ಬಂದ್ ಮಾಡಿ, ಬಲ್ಬ್ ಆರಲು ಬಿಡಬೇಕು. ಹೊಸ ಬಲ್ಬಿನ ಗಾಜನ್ನು ಬೆರಳಿನಿಂದ ಮುಟ್ಟಬಾರದು. ಕೈಯ ಜಿಡ್ಡು ಹತ್ತಿದ ಜಾಗ ಹೆಚ್ಚು ಕಾದು ಬಲ್ಬ್ ಬೇಗ ಹೋಗುತ್ತದೆ. ಮುಟ್ಟಿದ್ದರೆ ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಬೇಕು. ಪಿನ್ನುಗಳು ತಮ್ಮ ಗಾಡಿಯಲ್ಲಿ ಸರಿಯಾಗಿ ಕೂರಬೇಕು, ಒತ್ತಾಯ ಮಾಡಬಾರದು. ಒಂದು ಹೋದರೂ ಎರಡನ್ನೂ ಬದಲಿಸಿದರೆ ಬೆಳಕು ಸಮ ಇರುತ್ತದೆ. ಚಲೋ ಇದ್ದ ಹಳೆಯದನ್ನು ಸ್ಪೇರ್ ಆಗಿ ಗಾಡಿಯಲ್ಲೇ ಇಟ್ಟುಕೊಳ್ಳಬಹುದು.

ಎತ್ತರ ಪರೀಕ್ಷೆ ಮನೆಯಲ್ಲೇ

ಸಪಾಟು ಜಾಗದಲ್ಲಿ ಗೋಡೆಗೆ 5 ಮೀಟರ್ ದೂರ ಗಾಡಿ ನಿಲ್ಲಿಸಿ, ಹೆಡ್‌ಲೈಟಿನ ನಡುಮಧ್ಯದ ಎತ್ತರವನ್ನು ಗೋಡೆ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಬೇಕು. ಲೋ ಬೀಮಿನ ಮೇಲಂಚು ಆ ಗುರುತಿಗಿಂತ ಸುಮಾರು 5 ಸೆಂ.ಮೀ. ಕೆಳಗೆ ಇರಬೇಕು, ಎಡಗಡೆ ಮಾತ್ರ ಸ್ವಲ್ಪ ಮೇಲೇರಬಹುದು. ಹಿಂದೆ ಮಂದಿ, ಸಾಮಾನು ತುಂಬಿದಾಗ ಗಾಡಿಯ ಮೂತಿ ಮೇಲೆದ್ದು ಲೋ ಬೀಮೂ ಕಣ್ಣಿಗೆ ಹೊಡೆಯುತ್ತದೆ. ಹುಣ್ಣಿಮೆಗೆ ಗಾಣಗಾಪುರ, ಘತ್ತರಗಿಗೆ ಮನೆ ಮಂದಿಯೆಲ್ಲ ಹೊರಟಾಗ ಸ್ಟೇರಿಂಗ್ ಹತ್ತಿರದ 0, 1, 2, 3 ಗುಂಡಿಯನ್ನು ಒಂದೆರಡು ಅಂಕಿ ಏರಿಸಬೇಕು, ಬೆಳಕು ಕೆಳಗಿಳಿಯುತ್ತದೆ.

ರಸ್ತೆ ಮೇಲೆ ನೆನಪಿರಲಿ

* ಎದುರು ಗಾಡಿ ಕಂಡ ಕೂಡಲೇ ಡಿಪ್ ಮಾಡಬೇಕು. ಮುಂದಿನ ಗಾಡಿಯ ಬೆನ್ನಿಗೆ ಹೋಗುವಾಗಲೂ ಅಷ್ಟೇ.
* ಎದುರಿನವನು ಡಿಪ್ ಮಾಡದಿದ್ದರೆ ಜಿದ್ದಿಗೆ ಹೈ ಬೀಮ್ ಹೊಡೆಯಬಾರದು. ವೇಗ ಇಳಿಸಿ, ರಸ್ತೆಯ ಎಡ ಅಂಚಿನ ಮೇಲೆ ಕಣ್ಣಿಡಬೇಕು.
* ಟ್ರಾಲಿ ಮಾಲೀಕರು ಹಿಂದೆ ಕೆಂಪು ದೀಪ, ರಿಫ್ಲೆಕ್ಟರ್ ಹಾಕಿಸಬೇಕು. ಹೇರಿದ ಕಬ್ಬಿನ ತುದಿ ಅವನ್ನು ಮುಚ್ಚದಂತೆ ನೋಡಿಕೊಳ್ಳಬೇಕು.
* ಅಪಘಾತ ಕಂಡರೆ 112ಕ್ಕೆ ಕರೆ ಮಾಡಬೇಕು.

ಜೇವರ್ಗಿ ರಸ್ತೆಯ ಕಟ್ಟಿಸಂಗಾವಿ ಸೇತುವೆ ಮೇಲೆ ಎದುರುಬದುರಾಗುವ ಎರಡೂ ಗಾಡಿಯವರಿಗೆ ದಾರಿ ಕಾಣಬೇಕು. ಕಂಪನಿ ಹೇಳಿದ ಬಲ್ಬ್, ಸ್ವಚ್ಛ ಗಾಜು, ಸರಿಯಾದ ಎತ್ತರ ಇಷ್ಟಿದ್ದರೆ ಅದಕ್ಕೆ ಸಾಕು. ಖರ್ಚೂ ಕಮ್ಮಿ, ದಂಡದ ಭಯವೂ ಇಲ್ಲ.