ತಂದೆಯ ಗ್ರಾಮಫೋನಿನಿಂದ ಒಪೆರಾ ರಂಗಕ್ಕೆ

ಒಪೆರಾ ಎಂಬ ಹೆಸರು ಕೇಳಿದ್ದರೂ ಅದು ಏನೆಂದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಿಕ್ಕಿಲ್ಲ. ಬಹುಪಾಲು ಹಾಡಿನಲ್ಲೇ ಸಾಗುವ ನಾಟಕ ಅದು. ಪಾತ್ರಧಾರಿ ಜಗಳವಾಡುವುದೂ ಸಾಯುವುದೂ ಹಾಡುತ್ತಲೇ. ರೂಢಿಯಂತೆ ಮೈಕಿನ ಆಸರೆಯಿಲ್ಲದೆ, ಇಡೀ ವಾದ್ಯಮೇಳವನ್ನು ಮೀರಿ ಕೊನೆಯ ಸಾಲಿನವರಿಗೂ ಅವನ ಕಂಠ ಕೇಳಿಸಬೇಕು. ಸುಮಾರು 1600ರ ವೇಳೆಗೆ ಇಟಲಿಯ ಶ್ರೀಮಂತರ ಆಶ್ರಯದಲ್ಲಿ ಬೆಳೆದ ಈ ಕಲೆಗೆ 1637ರಲ್ಲಿ ವೆನಿಸ್ ನಗರದಲ್ಲಿ ಟಿಕೆಟ್ ಕೊಟ್ಟು ನೋಡುವ ರಂಗಮಂದಿರ ತೆರೆಯಿತು. ಮುಂದೆ ಅದು ಅಲ್ಲಿನ ಸಾಮಾನ್ಯರ ನಾಲಿಗೆಯ ಮೇಲೂ ನೆಲೆಸಿತು.

ಅಂಥ ಸಾಮಾನ್ಯರಲ್ಲೊಬ್ಬರು ಮೊಡೆನಾ ನಗರದ ಫೆರ್ನಾಂಡೊ ಪವರೊಟ್ಟಿ. ಬೇಕರಿಯಲ್ಲಿ ಬ್ರೆಡ್ ಸುಡುವುದು ಅವರ ಕಸುಬು. ಪತ್ನಿ ಸಿಗಾರ್ ಕಾರ್ಖಾನೆಯ ಕಾರ್ಮಿಕಳು. ಮನೆಯಲ್ಲಿ ಎರಡೇ ಕೋಣೆ. ಫೆರ್ನಾಂಡೊ ಅವರ ಕಂಠ ಚೆನ್ನಾಗಿತ್ತು, ಆದರೆ ಎದೆಗಾರಿಕೆ ಸಾಲದಾಯಿತು. ಜನರೆದುರು ಒಬ್ಬರೇ ನಿಂತು ಹಾಡಲು ಅವರಿಗೆ ವಿಪರೀತ ಅಂಜಿಕೆ. ಹೀಗಾಗಿ ಸಂಗೀತವನ್ನು ವೃತ್ತಿಯಾಗಿ ಆರಿಸಿಕೊಳ್ಳದೆ ಚರ್ಚಿನಲ್ಲಿ, ಊರಿನ ಗಾಯಕವೃಂದದಲ್ಲಿ ಹತ್ತರ ಜೊತೆ ಹನ್ನೊಂದನೆಯವರಾಗಿ ಹಾಡಿದರು. ಮನೆಗೆ ಮಾತ್ರ ಕರೂಸೊ, ಜೀಲಿಯಂಥ ಮಹಾಗಾಯಕರ ಗ್ರಾಮಫೋನ್ ತಟ್ಟೆಗಳನ್ನು ತಂದರು. 1935ರಲ್ಲಿ ಹುಟ್ಟಿದ ಮಗ ಲುಚಿಯಾನೊ ಅವನ್ನು ಕೇಳುತ್ತಲೇ ಬೆಳೆದ.

ಹುಡುಗನಿಗೆ ಫುಟ್‌ಬಾಲ್ ಗೋಲ್‌ಕೀಪರ್ ಆಗುವ ಆಸೆ. ತಾಯಿಗೆ ಮಗ ಮಾಸ್ತರನಾಗಲಿ ಎಂಬ ಆಸೆ. ಈ ಲೆಕ್ಕಾಚಾರ ನಮಗೇನೂ ಹೊಸದಲ್ಲ. ಅದರಂತೆ ತರಬೇತಿ ಪಡೆದು ಅವರು ಎರಡು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದ್ದೂ ಉಂಟು. ಆದರೆ ಹಾಡಿನ ಸೆಳೆತ ಬಿಡಲಿಲ್ಲ. ಅರ್ರಿಗೊ ಪೋಲಾ ಎಂಬ ಗಾಯಕರು ಈ ಬಡ ಹುಡುಗನಿಂದ ಶುಲ್ಕ ಪಡೆಯದೆ ಕಲಿಸಿದರು. 1955ರಲ್ಲಿ ತಂದೆ, ಮಗ ಇಬ್ಬರೂ ಮೊಡೆನಾದ ಗಾಯಕವೃಂದದೊಡನೆ ವೇಲ್ಸ್‌ನ ಲಾಂಗೊಲೆನ್ ಎಂಬ ಊರಿನ ಅಂತರರಾಷ್ಟ್ರೀಯ ಸ್ಪರ್ಧೆಗೆ ಹೋದರು. ಪ್ರಥಮ ಬಹುಮಾನ ಬಂತು. ಇದೇ ನನ್ನ ದಾರಿ ಎಂಬ ನಿರ್ಧಾರ ಗಟ್ಟಿಯಾದದ್ದು ಅಲ್ಲಿ ಎಂದು ಲುಚಿಯಾನೊ ಮುಂದೆ ಹೇಳುತ್ತಿದ್ದರು.

ವಿಚಿತ್ರವೆಂದರೆ, ಹುಚ್ಚು ಹಿಡಿಸಿದ ತಂದೆಯೇ ಒಪ್ಪಿಗೆ ಕೊಡಲು ಹಿಂಜರಿದರು. ಹಾಡಿನಿಂದ ಹೊಟ್ಟೆ ತುಂಬೀತೇ ಎಂಬ ಭಯ ಅವರಿಗೆ. ಕೊನೆಗೆ ಮನೆಯಲ್ಲಿ ಒಂದು ಒಪ್ಪಂದವಾಯಿತು: ಮೂವತ್ತು ವಯಸ್ಸಿನವರೆಗೆ ಅನ್ನ, ಆಸರೆ ನಮ್ಮದು, ಅಷ್ಟರಲ್ಲಿ ಕೈಹತ್ತದಿದ್ದರೆ ಬೇರೆ ದುಡಿಮೆ ನೋಡಿಕೊಳ್ಳಬೇಕು. ಬಡ ದಂಪತಿಗಳಿಗೆ ಇದು ಸಣ್ಣ ಹೊರೆಯಲ್ಲ. ಗಡುವಿನವರೆಗೆ ಕಾಯಬೇಕಾಗಲಿಲ್ಲ. 1961ರ ಏಪ್ರಿಲ್ 29ರಂದು ರೆಜ್ಜೊ ಎಮಿಲಿಯಾ ನಗರದಲ್ಲಿ ಪುಚ್ಚಿನಿಯ 'ಲಾ ಬೊಹೆಮ್' ಒಪೆರಾದ ನಾಯಕ ರೊಡೊಲ್ಫೊನಾಗಿ ಲುಚಿಯಾನೊ ರಂಗವೇರಿದರು. ಆಗ ಅವರಿಗೆ ಇಪ್ಪತ್ತೈದು.

ಮುಂದಿನ ಕಥೆ ಜಗತ್ತಿಗೇ ಗೊತ್ತು. 1990ರ ವಿಶ್ವಕಪ್ ಫುಟ್‌ಬಾಲ್ ವೇಳೆ ಅವರ ಹಾಡು, ಒಪೆರಾ ಎಂದರೇನೆಂದು ತಿಳಿಯದವರ ಮನೆಗಳನ್ನೂ ಹೊಕ್ಕಿತು. ಗೋಲ್‌ಕೀಪರ್ ಆಗಬೇಕೆಂದಿದ್ದ ಹುಡುಗ ಫುಟ್‌ಬಾಲಿಗೆ ಹೀಗೆ ಮರಳಿದ್ದು ಸೋಜಿಗವೇ ಸರಿ! ಫೆರ್ನಾಂಡೊ ಮಗನ ಈ ಕೀರ್ತಿಯನ್ನೆಲ್ಲ ಕಂಡು 2002ರಲ್ಲಿ ತೀರಿಕೊಂಡರು.

2007ರ ಸೆಪ್ಟೆಂಬರ್ 6ರಂದು ಲುಚಿಯಾನೊ ಮೊಡೆನಾದಲ್ಲಿ ನಿಧನರಾದರು. ಎರಡು ದಿನಗಳ ನಂತರ ಅಲ್ಲಿನ ಹಳೆಯ ಕ್ಯಾಥೆಡ್ರಲ್‌ನಲ್ಲಿ ಅಂತ್ಯವಿಧಿ ನಡೆಯುವಾಗ ತಂದೆ, ಮಗ ಕೂಡಿ ಹಾಡಿದ್ದ ಒಂದು ಪ್ರಾರ್ಥನಾಗೀತೆಯ ಹಳೆಯ ಧ್ವನಿಮುದ್ರಣವನ್ನು ಹಾಕಿದರು. ನೆರೆದವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಒಬ್ಬರೇ ನಿಂತು ಹಾಡಲು ಅಂಜುತ್ತಿದ್ದ ಬೇಕರಿಯವರಿಗೂ ಅದರಲ್ಲಿ ಅರ್ಧ ಪಾಲು.