ಐದು ಖಾಲಿ ಪ್ಯಾಕೆಟ್‌ಗೆ ಒಂದು ಶಾಂಪೂ

ಗೂಡಂಗಡಿಯಲ್ಲಿ ತೋರಣದಂತೆ ನೇತಾಡುವ ಶಾಂಪೂ ಪ್ಯಾಕೆಟ್ಟಿನ ಕಥೆ ಶುರುವಾಗುವುದು ದೊಡ್ಡ ನಗರದಲ್ಲಲ್ಲ, ತಮಿಳುನಾಡಿನ ಕಡಲೂರಿನಲ್ಲಿ.

ಆಗ ಶಾಂಪೂ ಎಂದರೆ ಬಾಟಲಿ. ಕೂಲಿ ಮಾಡುವವರಿಗೆ ಅಷ್ಟು ದುಡ್ಡು ಎಲ್ಲಿಂದ ಬರಬೇಕು? ಸೀಗೆಕಾಯಿ, ಅಂಟುವಾಳ, ಇಲ್ಲವೇ ಸೋಪೇ ಗತಿ. ಗಡಸು ನೀರಿನಲ್ಲಿ ಸೋಪು ಹಚ್ಚಿದರೆ ಕೂದಲು ಜಿಗುಟಾಗುತ್ತದೆ; ಬೋರ್‌ವೆಲ್ ನೀರಿನ ಊರುಗಳವರಿಗೆ ಇದನ್ನು ನಾವು ಬಿಡಿಸಿ ಹೇಳಬೇಕಿಲ್ಲ. ಶಾಂಪೂವಿಗೆ ಆ ತೊಂದರೆ ಕಡಿಮೆ.

ಕಡಲೂರಿನ ಚಿನ್ನಿ ಕೃಷ್ಣನ್ ಅವರ ಯೋಚನೆ ಸರಳವಾಗಿತ್ತು: ಒಂದು ಸ್ನಾನಕ್ಕೆ ಬೇಕಾದಷ್ಟನ್ನೇ ಕಟ್ಟಿ ಮಾರಿದರೆ ಬಡವರೂ ಕೊಳ್ಳುತ್ತಾರೆ. ಅವರ ಮಕ್ಕಳು 'ವೆಲ್ವೆಟ್' ಶಾಂಪೂವನ್ನು ಪ್ಯಾಕೆಟ್ಟಿನಲ್ಲಿ ಮಾರಿದರು. 1983ರಲ್ಲಿ ಒಬ್ಬ ಮಗ, ಸಿ.ಕೆ. ರಂಗನಾಥನ್, ಮನೆಯ ವ್ಯಾಪಾರ ಬಿಟ್ಟು ಹೊರಬಂದು 15 ಸಾವಿರ ರೂಪಾಯಿಯಲ್ಲಿ 'ಚಿಕ್' ಶಾಂಪೂ ಶುರುಮಾಡಿದರು. ಹಳ್ಳಿ ಹಳ್ಳಿಗೆ ಹೋಗಿ, ಹುಡುಗರ ತಲೆಗೆ ಶಾಂಪೂ ಹಾಕಿ ತೊಳೆದು ತೋರಿಸಿದರು. ಮಲ್ಲಿಗೆ, ಗುಲಾಬಿ ಪರಿಮಳ ಸೇರಿಸಿದ ಮೇಲಂತೂ ಮಾರಾಟ ಜೋರಾಯಿತು.

ಸಣ್ಣ ಪ್ಯಾಕೆಟ್ ಎಂದರೆ ಸಣ್ಣ ಕೆಲಸವಲ್ಲ. ಶಾಂಪೂ ತೀರಾ ಗಟ್ಟಿಯಾದರೆ ಪ್ಯಾಕೆಟ್ಟಿನಿಂದ ಹೊರಬರದು, ನೀರಾದರೆ ಬೆರಳ ಸಂದಿಯಲ್ಲೇ ಸೋರಿಹೋಗುತ್ತದೆ. ಕಣ್ಣು, ಚರ್ಮ ಉರಿಯಬಾರದು. ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯಬಾರದು. ಬಿಸಿಲಿಗೆ ಕಾದ ಅಂಗಡಿಯಲ್ಲಿ ತಿಂಗಳುಗಟ್ಟಲೆ ಇದ್ದರೂ ಕೆಡಬಾರದು. ಲಾರಿಯಲ್ಲಿ ಒತ್ತಿದರೂ ಸೀಲ್ ಒಡೆಯಬಾರದು, ಆದರೆ ಒದ್ದೆ ಕೈಗೆ ಸುಲಭವಾಗಿ ಹರಿಯಬೇಕು. ಹೀಗೆ ಒಳಗಿನ ಶಾಂಪೂವಿನಷ್ಟೇ ಹೊರಗಿನ ಹಾಳೆಯನ್ನೂ ಪರೀಕ್ಷಿಸಬೇಕು.

ಇಷ್ಟೆಲ್ಲ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಮಾತ್ರ ಹೊರಗೇ ಉಳಿಯಿತು: ಖಾಲಿ ಪ್ಯಾಕೆಟ್ ಎಲ್ಲಿಗೆ ಹೋಗಬೇಕು? ಅದು ಹಲವು ಪದರಗಳ ಹಾಳೆ. ಬೇರ್ಪಡಿಸುವುದು ಕಷ್ಟ, ಗುಜರಿಯವರೂ ಮುಟ್ಟುವುದಿಲ್ಲ. ಕೆರೆ ದಂಡೆಯಲ್ಲಿ, ಬಚ್ಚಲ ಮೋರಿಯಲ್ಲಿ ಅದು ಬಿದ್ದಿರುವುದನ್ನು ನಾವೆಲ್ಲ ನೋಡಿದ್ದೇವೆ.

ಊರೂರಿನಿಂದ ಇವನ್ನು ವಾಪಸ್ ತರುವುದು ಆಗದ ಮಾತು ಎನ್ನುವವರಿದ್ದಾರೆ. ಅವರಿಗೆ ಚಿಕ್ ಕಥೆಯೇ ಉತ್ತರ. ಶುರುವಿನ ದಿನಗಳಲ್ಲಿ ಆ ಕಂಪನಿ, ಯಾವುದೇ ಶಾಂಪೂವಿನ ಐದು ಖಾಲಿ ಪ್ಯಾಕೆಟ್ ತಂದರೆ ಒಂದು ಚಿಕ್ ಉಚಿತ ಎಂದಿತು. ಆಮೇಲೆ ಚಿಕ್ ಪ್ಯಾಕೆಟ್ಟಿಗಷ್ಟೇ ಎಂದಿತು. ಜನ ಆರಿಸಿ ತಂದರು, ಅಂಗಡಿಯವರು ಎಣಿಸಿ ತೆಗೆದುಕೊಂಡರು. ಅದು ಪರಿಸರಕ್ಕಾಗಿ ಮಾಡಿದ್ದಲ್ಲ, ಮಾರಾಟಕ್ಕಾಗಿ. ಆದರೂ ಖಾಲಿ ಪ್ಯಾಕೆಟ್ ವಾಪಸ್ ಬಂತು.

ಇಂಥ ಪ್ಯಾಕೆಟ್‌ಗಳನ್ನು ಸಂಗ್ರಹಿಸುವ ಹೊಣೆ ಕಂಪನಿಗಳದ್ದೇ ಎಂದು 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳುತ್ತವೆ. ಮಾರಾಟ ಹೆಚ್ಚಿಸಲು ಆದದ್ದು ಕೆರೆ ಉಳಿಸಲು ಯಾಕೆ ಆಗದು? ಮುಂದಿನ ಗ್ರಾಮಸಭೆಯಲ್ಲಿ ಇದನ್ನೊಮ್ಮೆ ಕೇಳೋಣ.